ಗೆರಿಯ ಬಲತುದಿ

ಮಕ್ತಲ ಊರಿಗೆ ಬಂದು ದೇವೇಂದ್ರಪ್ಪನ ಮನಿ ಎಲ್ಲೈತಿ ಅಂತ ಕೇಳಿದ್ರ ನಾಕು ಮಂದಿ ನಾಕು ಓಣಿ ತೋರಿಸ್ತಾರ. ವಿಮಾನದ ಖೋಲಿ ಎಲ್ಲೈತಿ ಅಂತ ಕೇಳ್ರಿ, ಚಾದ ಅಂಗಡಿಯಾಂವ ಸೋಸೋದು ಬಿಟ್ಟು ಎದ್ದು ಬಂದು ತೋರಿಸ್ತಾನ. ಊರ ಮಂದಿಗೆ ಅದೊಂದು ತಮಾಷಾ. ದೇವೇಂದ್ರಪ್ಪ ವಾಯುಸೇನೆಯಾಗ ಇದ್ದಾಂವ. ಹಾರಿಸಾಂವ ಅಲ್ಲ ಮತ್ತ, ಹಂಗಂತ ಸುಳ್ಳು ಹೇಳಿಕೊಂಡು ತಿರುಗಿದಾಂವನೂ ಅಲ್ಲ. ಆಂಟೊನೊವ್ ಅಂತ ರಷ್ಯಾದ ದಪ್ಪ ಹೊಟ್ಟಿ ವಿಮಾನ ಅದಾವಲ್ಲ, ಅವುಗಳಾಗ ಪೈಲಟಿನ ಕಣ್ಣೆದುರಿಗೆ ಇರೋ ಗಡಿಯಾರ, ಮುಳ್ಳು, ಮೀಟರು ಬಿಚ್ಚಿ ರಿಪೇರಿ ಮಾಡಿ ಕೂಡಸೋದು ಅವನ ಕೆಲಸ. ರಿಟೈರಾಗಿ ಬಂದು ಹೊಟ್ಟಿಪಾಡಿಗೆ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ಬ್ಯಾಸರ ಕಳಿಯಾಕ ಹಿಂದಿನ ಖೋಲಿಯಾಗ ವಿಮಾನ ಕಟ್ಟಿದ.

ಕಟ್ಟಿದ ಅಂದ್ರ ಏನು, ಒಂದು ಕಂಪ್ಯೂಟರು, ದೊಡ್ಡ ಪರದೆ, ಪ್ಲೈವುಡ್ಡಿನ ಹಲಗಿ, ತಿರುವಾಕ ಒಂದು ಹಿಡಿಕಿ, ಹಳೇ ಜೀಪಿನ ಸೀಟು. ಕಂಪ್ಯೂಟರಿನ್ಯಾಗ ಸಿಮ್ಯುಲೇಟರ್, ಅಂದ್ರ ಕುಂತಲ್ಲೇ ವಿಮಾನ ಹಾರಿಸೋದು ಕಲಸೋ ಪ್ರೋಗ್ರಾಂ. ಅದನ್ನ ಯಾರರೆ ಆಟ ಅಂದ್ರ ಅವಗ ಮೂಗಿನ ತುದಿಗೆ ಸಿಟ್ಟು ಬರತಿತ್ತು. ರಷ್ಯಾದವರೇ ಕುಂತು ತಯಾರು ಮಾಡಿದ ಆಂಟೊನೊವ್ ಅದರಾಗ ಹಾಕಿದ್ದ. ಹಲಗಿಗೆ ಹಸರೂ ಅಲ್ಲ ನೀಲಿಯೂ ಅಲ್ಲ ಅಂಥ ಒಂದು ಬಣ್ಣ ಬಳದಿದ್ದ. ರಷ್ಯಾದ ವಿಮಾನದ ಒಳಗ ಅದೇ ಬಣ್ಣ ಇರತೈತಿ, ಕಣ್ಣಿಗೆ ತಂಪಂತ. ಎತ್ತರ ಮೀಟರಿನಾಗ, ಸ್ಪೀಡು ಕಿಲೋಮೀಟರಿನಾಗ, ಹೆಸರೆಲ್ಲ ರಷ್ಯನ್ ಅಕ್ಷರದಾಗ. ಹೆಂಡ್ತಿ ವೀರಬಸಮ್ಮ ರೊಟ್ಟಿ ಬಡಿಯೋದು ಬಿಟ್ಟು ಬಂದು, "ಕುಂತಲ್ಲೇ ಎಲ್ಲಿಗೆ ಹೊಂಟೀರಿ?" ಅಂತಿದ್ಲು. "ತಾಷ್ಕೆಂಟಿಗೆ" ಅಂತಿದ್ದ ಇವ. "ಬರೂಮುಂದ ಕೊತ್ತಂಬ್ರಿ ತರ್ರಿ" ಅಂತ ಹೇಳಿ ಆಕಿ ಒಲಿ ಮುಂದ ಹೋಗತಿದ್ಲು.

ಒಬ್ಬಳೇ ಮಗಳು ಉಮಾಶ್ರೀ. ಸಣ್ಣಾಕಿ ಇದ್ದಾಗಿಂದ ಆ ಜೀಪಿನ ಸೀಟಿಗೆ ಅಂಟಿಕೊಂಡಾಕಿ. ಓಣಿ ಹುಡುಗ್ಯಾರು ಕುಂಟಾಬಿಲ್ಲಿ ಆಡೋ ಹೊತ್ತಿನ್ಯಾಗ ಈಕಿ ಎರಡೂ ಇಂಜಿನ್ ಚಾಲು ಮಾಡಿ, ಮೋಡದಾಗ ಹೊಕ್ಕು, ಬರೇ ಮುಳ್ಳು ನೋಡಿಕೊಂತ ವಿಮಾನ ಇಳಸತಿದ್ಲು.

ಈ ಮೋಡದ ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ಮೋಡದಾಗ ಹೊಕ್ಕ ಮನಷ್ಯಾಗ ತಾ ನೆಟ್ಟಗ ಇದ್ದೀನೋ ಒಂದು ಮಗ್ಗಲಿಗೆ ವಾಲೀನೋ ಗೊತ್ತಾಗಂಗಿಲ್ಲ. ಕಿವಿ, ಹೊಟ್ಟಿ, ಕುಂಡಿ ಎಲ್ಲಾ ಸುಳ್ಳು ಹೇಳತಾವ. ಅದಕ್ಕಂತ ಒಂದು ದುಂಡನೆ ಗಡಿಯಾರ ಇರತೈತಿ, ಹೊರೈಜನ್ ಅಂತಾರ. ಅಮೇರಿಕಾದವರ ಹೊರೈಜನ್ನಿನ್ಯಾಗ ವಿಮಾನದ ಗುರುತು ಅಲುಗಾಡಂಗಿಲ್ಲ, ಅದರ ಹಿಂದಿನ ನೆಲದ ಗೆರಿ ವಾಲತೈತಿ. ರಷ್ಯಾದವರದು ಉಲ್ಟಾ. ನೆಲದ ಗೆರಿ ಗಟ್ಟ್ಯಾಗಿ ನಿಂತಿರತೈತಿ, ಪುಟ್ಟ ವಿಮಾನದ ಗುರುತು ವಾಲತೈತಿ, ನಾವು ಹೊಲದಾಗ ನಿಂತು ಹದ್ದು ನೋಡಿದಂಗ. ಖರೆ ವಿಮಾನ ಎಡಕ್ಕ ವಾಲಿದ್ರ ರಷ್ಯಾದ್ದರಾಗ ಗುರುತಿನ ಎಡ ರೆಕ್ಕಿ ಕೆಳಗ ಹೋಗತೈತಿ. ಅಮೇರಿಕಾದ್ದರಾಗ ಗೆರಿಯ ಬಲತುದಿ ಕೆಳಗ ಹೋಗತೈತಿ. ಎರಡೂ ಖರೇನೇ ಹೇಳತಾವ. ಆದ್ರ ಒಂದನ್ನ ಓದಿ ಬೆಳದ ಕಣ್ಣು ಅವಸರದಾಗ ಇನ್ನೊಂದನ್ನ ಓದಿದ್ರ ಎಡ ಹೋಗಿ ಬಲ ಆಗತೈತಿ.

ದೇವೇಂದ್ರಪ್ಪಗ ಅಮೇರಿಕಾದ್ದು ಕಂಡ್ರ ಆಗತಿದ್ದಿಲ್ಲ. "ವಾಲಾಂವ ನಾನು. ಭೂಮಿತಾಯಿ ಯಾಕ ವಾಲತಾಳ?" ಅಂತಿದ್ದ. ಮಗಳಿಗೆ ಬ್ಯಾರೆ ವಿಮಾನ ಮುಟ್ಟಾಕ ಬಿಡಲಿಲ್ಲ. ಅವನ ಹಟ ಅದು, ಯಾರೂ ಕೇಳಿದ್ದಿಲ್ಲ. ನಾರಾಯಣಪ್ಯಾಟಿಯಾಗ ಇಂಟರ್ ಮುಗಿಸೋ ತನಕ ಆಕಿ ಆಂಟೊನೊವ್ ಬಿಟ್ಟು ಇನ್ನೊಂದು ಹಾರಿಸಲಿಲ್ಲ.

ಆಮ್ಯಾಲೆ ಸ್ಕಾಲರ್‌ಶಿಪ್ ಸಿಕ್ಕು ಫ್ಲೈಯಿಂಗ್ ಸ್ಕೂಲಿಗೆ ಸೇರಿದ್ಲು. ಅಲ್ಲಿ ಎಲ್ಲಾ ಸಣ್ಣ ಅಮೇರಿಕನ್ ವಿಮಾನ. ಮೊದಮೊದಲು ತಡವರಿಸಿದ್ಲು, ಆಮ್ಯಾಲೆ ರೂಢಿ ಆತು ಅಂತ ಫೋನಿನ್ಯಾಗ ಹೇಳಿದ್ಲು. ಕಲಸಾಂವ ಅಂಜನಕುಮಾರ್, ಗದ್ವಾಲದಾಂವ. ನಮ್ಮ ಕಡೀ ಹುಡುಗಿ ಅಂತ ಅವಗ ಈಕಿ ಮ್ಯಾಲೆ ಬಾಳ ಜೀವ. ಊರಿಗೆ ಬಂದಾಗ ಹೊಳ್ಳಿ ಹೋಗೂಮುಂದ ಈಕಿಗಂತ ತನ್ನ ತಾಯಿ ಕೈಯಿಂದ ಖಾರದ ಪುಡಿ ಕಟ್ಟಿಸಿಕೊಂಡು ಹೋಗತಿದ್ದ.

ಆಷಾಢದಾಗ ಒಂದಿನ ಮಧ್ಯಾಹ್ನ ಇಬ್ಬರೂ ಹಾರಿದ್ರು. ಮೋಡ ಅಡ್ಡ ಬಂತು. ವಿಮಾನ ಹತ್ತಿ ಹೊಲದಾಗ ಬಿತ್ತು. ಅಂಜನಕುಮಾರ್ ಅಲ್ಲೇ ಹೋದ. ಉಮಾಶ್ರೀ ಬಲಗಾಲು ಮುರಕೊಂಡು ಉಳಕೊಂಡ್ಲು. ದವಾಖಾನಿಯಾಗ ತನಿಖಿ ಸಾಹೇಬರು ಬಂದು ಕೇಳಿದ್ರು, ಆಕಿ ಕಂಡದ್ದು ಕಂಡಂಗ ಹೇಳಿದ್ಲು: ನಾ ವಿಮಾನ ನೆಟ್ಟಗ ಮಾಡಾಕತ್ತಿದ್ದೆ, ಸರ್ ಗಾಬರ್ಯಾಗಿ ಹಿಡಿಕಿ ಕಸಗೊಂಡು ಉಲ್ಟಾ ತಿರುವಿದ್ರು. ಅದೇ ಮಾತು ವಾಟ್ಸಾಪಿಗೆ ಬಂತು, ಪೇಪರಿಗೆ ಬಂತು. ಕಲಿಸುವವನ ತಪ್ಪಿನಿಂದ ವಿಮಾನ ಬಿತ್ತು ಅಂತ ಊರೂರು ಮಾತಾಡಿದ್ವು. ಸತ್ತಾಂವ ಎದ್ದು ಬಂದು ಇಲ್ಲ ಅಂತಾನೇನು?

ಮಗಳು ಜೀವಂತ ಮನಿಗೆ ಬಂದದ್ದೇ ಗಂಡ-ಹೆಂಡ್ತಿಗೆ ದೊಡ್ಡದಾಗಿತ್ತು. ವೀರಬಸಮ್ಮ ದೃಷ್ಟಿ ತಗದ್ಲು, ಅತ್ಲು, ಮತ್ತ ದೃಷ್ಟಿ ತಗದ್ಲು. ದೇವೇಂದ್ರಪ್ಪ ಆ ದಿನದ ಸುದ್ದಿ ತಾನಾಗಿ ಎತ್ತಲಿಲ್ಲ. ಒಂದಿನ ಉಂಡಾದ ಮ್ಯಾಲೆ ಪಡಸಾಲಿಯಾಗ ಆಕಿನೇ ಬಾಯಿ ಬಿಟ್ಲು.

"ಸರ್ ರೇಡಿಯೋದಾಗ ಮಾತಾಡಾಕತ್ತಿದ್ರಪ್ಪ. ಒಮ್ಮಿಂದೊಮ್ಮೆ ಸುತ್ತ ಬೆಳ್ಳಗಾತು. ಜೋರಾಗಿ ಎತ್ತಿ ಒಗದಂಗಾತು. ನಾ ಹೊರೈಜನ್ ನೋಡಿದೆ, ಬಲಕ್ಕ ವಾಲಿತ್ತು. ನಾ ಎಡಕ್ಕ ತಿರುವಿದೆ. ಇನ್ನೇನು ನೆಟ್ಟಗಾಗಬೇಕು, ಸರ್ ಹಿಡಿಕಿ ಹಿಡದು ಬಲಕ್ಕ ಎಳದ್ರು. ಬಿಡು ಅಂದ್ರು. ನಾ ಬಿಡಲಿಲ್ಲ. ಅವರೇ ತಪ್ಪು ಮಾಡಾಕತ್ತಾರ ಅಂತ ಗೊತ್ತಿದ್ದು ಹೆಂಗ ಬಿಡ್ಲಿ?"

"ಬಲಕ್ಕ ವಾಲಿತ್ತಂದ್ರ ಹೆಂಗ? ಕೈ ಹಿಡದು ತೋರಸು" ಅಂದ ದೇವೇಂದ್ರಪ್ಪ. ಸುಮ್ಮನ ಕೇಳಿದ, ಹಳೇ ಕಸುಬಿನ ಚಟ.

ಆಕಿ ಅಂಗೈ ಮಕದ ಮುಂದ ಅಡ್ಡ ಹಿಡದು ಬಲಗಡೆ ಕೆಳಗ ಮಾಡಿದ್ಲು. "ಹಿಂಗ. ಬಲತುದಿ ಕೆಳಗ."

"ಯಾವುದರದು ಬಲತುದಿ?"

"ಅದ ಅಪ್ಪ, ವಾಲತೈತಲ್ಲ, ಅದು."

ಆ ವಿಮಾನದಾಗ ವಾಲೋದು ಗೆರಿ. ಗೆರಿಯ ಬಲತುದಿ ಕೆಳಗ ಇತ್ತಂದ್ರ ವಿಮಾನ ಎಡಕ್ಕ ವಾಲಿತ್ತು. ಎಡಕ್ಕ ವಾಲಿದ್ದನ್ನ ಈಕಿ ಇನ್ನಷ್ಟು ಎಡಕ್ಕ ಹೊಳ್ಳಿಸಿದ್ಲು. ಬಲಕ್ಕ ಎಳದಾಂವ ಉಳಸಾಕ ಎಳದಿದ್ದ. ಉಳಸೋ ಕೈಗೆ ಈಕಿ ಹಿಡಿಕಿ ಬಿಟ್ಟುಕೊಟ್ಟಿದ್ದಿಲ್ಲ. ಗಾಬರಿಯಾಗ ಸ್ಕೂಲಿನ್ಯಾಗ ಕಲತದ್ದು ಹಾರಿಹೋಗಿ, ಹಿಂದಿನ ಖೋಲಿಯಾಗ ಅಪ್ಪ ಕಲಸಿದ್ದು ಕೈಗೆ ಬಂದಿತ್ತು. ಮಗಳ ಅಂಗೈ ಹಿಡದು ಕೆಳಗ ಇಳಿಸಿದ.

"ಯಾಕಪ್ಪ?" ಅಂದ್ಲು ಮಗಳು.

"ಏನಿಲ್ಲ."

"ಒಂದು ಹೇಳ್ಲೇನು? ನಂದೇನೂ ತಪ್ಪಿಲ್ಲ ಅನ್ನೋದಕ್ಕ ನನಗ ಅನ್ನ ಇಳಿಯಾಕತ್ತೈತಿ. ನಾ ಸರಿ ಮಾಡಿದ್ನೆಪ್ಪ. ಸರಿ ಮಾಡಿರದಿದ್ರ ಇಷ್ಟೊತ್ತಿಗೆ ಬಾವಿ ನೋಡಕೊಂತಿದ್ದೆ."

ಇಂಥ ಮಾತು ಕೇಳಿದ ಮ್ಯಾಲೆ ಯಾವ ತಂದಿ ಬಾಯಿ ತಗೀತಾನ, ನೀವೇ ಹೇಳ್ರಿ. ಪ್ಲಾಸ್ಟರ್ ತಗೀಲಿ, ಆಮ್ಯಾಲೆ ಹೇಳತೀನಿ ಅಂದುಕೊಂಡ. ಹೋಗಿ ಹಿಂದಿನ ಖೋಲಿಗೆ ಕೀಲಿ ಜಡದ. ಕಂಪ್ಯೂಟರ್ ಕೆಟ್ಟೈತಿ ಅಂದ.

ಆದ್ರ ಅವಗ ಗೊತ್ತಿತ್ತು. ಹೇಳಿದ್ರ ಮಗಳು ಒಳಗಿಂದೊಳಗ ಸಾಯತಾಳ. ಹೇಳದಿದ್ರ ಕಾಲು ನೆಟ್ಟಗಾದ ಮ್ಯಾಲೆ ಅದೇ ಕೈ ತಗೊಂಡು ಮತ್ತ ಮೋಡದಾಗ ಹೋಗತಾಳ, ಇವತ್ತು ಒಬ್ಬನ್ನ ಕೂಡಿಸಿಕೊಂಡಾಕಿ ನಾಳೆ ನೂರು ಮಂದಿನ್ನ ಕೂಡಿಸಿಕೊಂಡು ಹೋಗತಾಳ. ಅತ್ಲಾಗ ಗದ್ವಾಲದಾಗ ಒಬ್ಬ ಒಳ್ಳೇ ಮನಷ್ಯಾ ಸತ್ತ ಮ್ಯಾಲೂ ಬೈಸಿಕೊಳ್ಳಾಕತ್ತಾನ. ಇದೆಲ್ಲಾ ತಿಳದೇ ಅವ ಸುಮ್ಮನಿದ್ದ. ಅಂಗಡಿಗೆ ಹೋಗಿ ಮೋಟರಿಗೆ ತಂತಿ ಸುತ್ತೂದು, ಸುತ್ತು ತಪ್ಪೂದು, ಬಿಚ್ಚೂದು.

"ಸರ್ ಮನಿಗೆ ಹೋಗಬೇಕಪ್ಪ" ಅಂತ ಉಮಾಶ್ರೀ ಹಟ ಹಿಡದ್ಲು. "ತಪ್ಪು ಮಾಡಿದ್ರೇನು, ಕಲಸಿದ ಗುರು ಅಲ್ಲೇನು?" ದೇವೇಂದ್ರಪ್ಪ ಕಾಲು ಅಂದ, ಮಳಿ ಅಂದ, ಅಂಗಡಿ ಅಂದ. ಕಡೀಕ ವೀರಬಸಮ್ಮನೇ ರೇಗಿದ್ಲು. "ಸಾವಾದ ಮನಿಗೆ ಇಷ್ಟು ದಿನ ಆದ್ರೂ ಮಾತಾಡಸಾಕ ಹೋಗಲಿಲ್ಲಂದ್ರ ಮಂದಿ ಮಕಕ್ಕ ಉಗುಳತಾರ. ಏನಾಗೈತ್ರಿ ನಿಮಗ?" ಏನಾಗೈತಿ ಅಂತ ಹೆಂಡ್ತಿಗೂ ಹೇಳಾಕ ಬರಲಿಲ್ಲ ಅವಗ.

ತಂದಿ ಮಗಳು ಬಸ್ಸಿಗೆ ಹೋದ್ರು. ಪ್ಲಾಸ್ಟರಿನ ಕಾಲು ಮುಂದ ಚಾಚಿ ಆಕಿ ಕಿಟಕಿಗೆ ಕುಂತ್ಲು. ಜೂರಾಲ ಡ್ಯಾಮಿನ್ಯಾಗ ಗೇಟು ಎತ್ತಿದ್ರು. ನೀರು ನೋಡಾಕ ಬಂದ ಮಂದಿ ಸೆಲ್ಫಿ ತಗಸಿಕೊಂತ, ಕರದ ಮೀನ ತಿನ್ಕೊಂತ ನಿಂತಿದ್ರು. ಈ ಗದ್ದಲದ ನಡುವ ಹೇಳಿಬಿಡ್ಲೇನು ಅಂತ ದೇವೇಂದ್ರಪ್ಪಗ ಅನಸ್ತು. ಉಮಾ, ಅಂದ. ಆಕಿ ತಿರುಗಿ ನೋಡಿದ್ಲು. "ಬಿಸಲು ಬೀಳತೈತೇನು, ಪರದೆ ಎಳೀಲೇನು?" ಅಂದುಬಿಟ್ಟ. ಥೂ ಇವನ ಬಾಯಿಗಿಷ್ಟು.

ಅಂಜನಕುಮಾರನ ಮನಿ ಗದ್ವಾಲದ ಹಳೇ ಕ್ವಾಟಿ ಗೋಡಿ ಹಿಂದ. ಯೂನಿಫಾರ್ಮಿನ ಫೋಟೋಕ್ಕ ಹಾರ ಹಾಕಿದ್ರು. ಮಂಚದ ಮ್ಯಾಲೆ ಅವನ ತಾಯಿ ಬುಗ್ಗಮ್ಮ, ಗೋಡಿಗೆ ಆತು ಕುಂತಿದ್ಲು. ಹೆಂಡ್ತಿ ಸ್ರವಂತಿ ಬಾಗಲಿಗೆ ಬಂದು, ಉಮಾಶ್ರೀನ ಕಂಕಳಕೋಲು ತಾನೇ ತಗೊಂಡು, ಕೈ ಹಿಡದು ಒಳಗ ಕರಕೊಂಡು ಕೂಡಿಸಿದ್ಲು. ಅತ್ತಿ ಕೂಡ ತೆಲುಗು, ಬಂದವರ ಕೂಡ ಕನ್ನಡ, ಹಂಗ ಆಕಿ ಮಾತು. ಸಾವಾದ ಮನ್ಯಾಗ ಮೊದಲು ಮಾತು ಎತ್ತೂದು ಬಂದವರ ಕೆಲಸ. ದೇವೇಂದ್ರಪ್ಪ ಎತ್ತಲಿಲ್ಲ, ಕಡೀಕ ಸ್ರವಂತಿನೇ ಎತ್ತಿದ್ಲು.

"ಮಂದಿ ಏನೇನೋ ಅಂತಾರ ಕಾಕಾ. ನನ್ನ ಮಗಳಿಗೆ ಸಾಲ್ಯಾಗ ಅಂದಾರ, ನಿಮ್ಮಪ್ಪ ವಿಮಾನ ಕೆಡವಿದಾಂವ ಅಂತ. ನಾ ಯಾರನ್ನೂ ನಂಬಲಿಲ್ಲ. ಪೇಪರಿನವರು ಮಗ್ಗಲಿಗೆ ಕುಂತಿದ್ರೇನು? ನೀ ಕುಂತಿದ್ದಿ ಉಮಾ. ನೀ ಹೇಳಿದ್ರ ನಂಬತೀನಿ. ತಪ್ಪು ಅವರದೇನು?"

ಉಮಾಶ್ರೀ ತಂದಿ ಕಡೆ ನೋಡಿದ್ಲು. ಆತ ತನ್ನ ಮೊಣಕಾಲು ನೋಡಿಕೊಂತ ಕುಂತಿದ್ದ. ಬಾಯಿ ತಗಿ ದೇವೇಂದ್ರಪ್ಪ, ಈಗ ತಗಿ ಅಂತ ಒಳಗ ಯಾರೋ ಗುದ್ದಾಕತ್ತಿದ್ರು.

"ಸುಳ್ಳು ಹೇಳಾಕ ಬರಂಗಿಲ್ಲಕ್ಕ ನನಗ" ಅಂದ್ಲು ಉಮಾಶ್ರೀ. ಕಣ್ಣಾಗ ನೀರು ಬಂದಿದ್ವು. "ಹೌದು. ಸರ್ ಉಲ್ಟಾ ತಿರುವಿದ್ರು. ಬೇಕಂತ ಅಲ್ಲ, ಗಾಬರ್ಯಾಗಿ."

ಸ್ರವಂತಿ ತಲಿ ಆಡಿಸಿದ್ಲು. ಅಳಲಿಲ್ಲ. ಅತ್ತಿ ಕಡೆ ಹೊಳ್ಳಿ ಸಣ್ಣ ದನಿಲೆ, "ಆಯನದೇ ತಪ್ಪಂಟ ಅತ್ತಾ" ಅಂದ್ಲು.

ಬುಗ್ಗಮ್ಮಗ ಅದು ತಿಳಿಯಾಕ ಹೊತ್ತು ಹತ್ತಿತು. ಆಮ್ಯಾಲೆ ಮುದುಕಿ ಮಂಚದ ಮ್ಯಾಲಿಂದ ಇಳದ್ಲು. ಗೋಡಿ ಹಿಡಕೊಂತ ಬಂದು ಉಮಾಶ್ರೀ ಮುಂದ ನೆಲಕ್ಕ ಕುಂತ್ಲು. ಪ್ಲಾಸ್ಟರಿನ ಕಾಲಿನ ಮ್ಯಾಲೆ ಕೈ ಆಡಿಸಿದ್ಲು. ಎರಡೂ ಕೈ ಎತ್ತಿ ಮುಗದು, ತನಗ ಬಂದಷ್ಟು ಕನ್ನಡದಾಗ ಅಂದ್ಲು: "ನನ್ನ ಮಗ ನಿನ್ನ ಕಾಲು ಮುರದನವ್ವ. ತಪ್ಪಾತು. ಹೊಟ್ಟ್ಯಾಗ ಹಾಕ್ಕೋ."

ಉಮಾಶ್ರೀ ಮುದುಕಿ ಕೈ ಹಿಡದು ಗಳಗಳ ಅತ್ಲು. ದೇವೇಂದ್ರಪ್ಪ ಆ ಕೈ ನೋಡಿದ. ಚರ್ಮ ಸುಕ್ಕಾಗಿ, ಖಾರ ಕುಟ್ಟಿ ಕುಟ್ಟಿ ಬೆರಳು ಕೆಂಪಾಗಿದ್ವು. ಆಗೂ ಅವ ಬಾಯಿ ತಗೀಲಿಲ್ಲ. ಇದನ್ನ ಏನಂತ ಕರೀಬೇಕೋ ನನಗ ತಿಳಿಯಂಗಿಲ್ಲ. ಮಗಳ ಮ್ಯಾಲಿನ ಮಾಯೆ ಅಂತ ಅಂದುಕೊಂಡ ಅವ. ಹೇಡಿತನ ಅಂತ ನಾ ಅಂತೀನಿ.

ಪ್ಲಾಸ್ಟರ್ ತಗದ್ರು, ಕಂಕಳಕೋಲು ಮಾತ್ರ ಇನ್ನೊಂದಿಷ್ಟು ದಿನ ಬೇಕಂದ್ರು. ಸ್ಕೂಲಿಂದ ಫೋನ್ ಬಂತು. ದಸರಾ ಆದ ಮ್ಯಾಲೆ ಬಾ, ಡಾಕ್ಟರ ಸರ್ಟಿಫಿಕೇಟ್ ತಗೊಂಡು ಬಾ, ಮತ್ತ ಹಾರಬಹುದು ಅಂದ್ರು. ಉಮಾಶ್ರೀ ಮಕದಾಗ ಎಷ್ಟೋ ದಿನದ ಮ್ಯಾಲೆ ಕಳೆ ಬಂತು. ಬೆಳಿಗ್ಗೆ ಚಾ ಕುಡಿಯೂಮುಂದ ಕೈ ಚಾಚಿದ್ಲು. "ಖೋಲಿ ಕೀಲಿ ಕೊಡಪ್ಪ. ಕೈ ಜಡ್ಡುಗಟ್ಟ್ಯಾವ. ಕಂಪ್ಯೂಟರ್ ಕೆಟ್ಟಿದ್ರ ನಾನೇ ನೋಡತೀನಿ."

ದೇವೇಂದ್ರಪ್ಪ ಕೀಲಿ ಕೊಡಲಿಲ್ಲ, ತಾನೇ ಹೋಗಿ ತಗದ. ಕಿಟಕಿ ತಗದು ಬೆಳಕು ಬಿಟ್ಟ. ಆಂಟೊನೊವ್ ಬಿಟ್ಟು, ಅವ ಯಾವತ್ತೂ ಮುಟ್ಟದ ಸಣ್ಣ ಅಮೇರಿಕನ್ ವಿಮಾನ ಹಚ್ಚಿದ. ಮೋಡ ಹಾಕಿದ. ಮಗಳು ನಕ್ಲು. "ಏನಪ್ಪ, ಕಡೀಕೂ ಪಾರ್ಟಿ ಬದಲಿ ಮಾಡಿದಿ."

"ಕಣ್ಣು ಮುಚ್ಚು. ನಾ ವಾಲಸತೀನಿ. ತಗಿ ಅಂದಾಗ ತಗದು ನೆಟ್ಟಗ ಮಾಡು."

ಮುಚ್ಚಿದ್ಲು. ಇವ ಎಡಕ್ಕ ವಾಲಿಸಿದ. ತಗಿ ಅಂದ. ಆಕಿ ಸರಿಯಾಗಿ ಬಲಕ್ಕ ತಿರುವಿ ನೆಟ್ಟಗ ಮಾಡಿದ್ಲು. ಮತ್ತ ಮಾಡಿದ, ಮತ್ತ ಸರಿ. ಮತ್ತೂ ಸರಿ. ದೇವೇಂದ್ರಪ್ಪನ ಜೀವ ಹಗುರಾತು. ನಾ ಸುಳ್ಳೇ ಹೆದರಿದೆ, ಖರೇನೇ ಅಂಜನಕುಮಾರನೇ ತಪ್ಪು ಮಾಡಿರಬೇಕು ಅಂತ ಒಂದು ಗಳಿಗಿ ಅನಸ್ತು. ಅಂಥ ಆಸೆ ಬಂದದ್ದಕ್ಕ ಅವಗೇ ನಾಚಿಕಿ ಆತು.

ಆದ್ರೂ ಕಸುಬುದಾರ ಮನಷ್ಯಾ. ಅರ್ಧ ಪರೀಕ್ಷಾ ಮಾಡಿ ಮೀಟರ್ ಪಾಸು ಮಾಡಿದಾಂವ ಅಲ್ಲ. ಸೌಂಡು ಪೂರಾ ಏರಿಸಿದ. ಆಕಿ ಕಣ್ಣು ಮುಚ್ಚಿದಾಗ ಸೀಟು ಹಿಡದು ಗದಗದ ಅಲ್ಲಾಡಿಸಿದ, ನಟ್ಟು ಬಿಚ್ಚೋ ಪಾನದಿಂದ ತಗಡು ಬಡದ, ಎಡಕ್ಕ ಜೋರು ವಾಲಿಸಿ, ಬೀಳಾಕತ್ತೈತಿ ತಗಿ ಅಂತ ಕಿವಿ ಹತ್ತರ ಒದರಿದ.

ಆಕಿ ಕಣ್ಣು ತಗದ್ಲು. ಕೈ ಎಡಕ್ಕ ಹೋತು. ಗೆರಿ ಇನ್ನಷ್ಟು ವಾಲ್ತು. ಆಕಿ ಇನ್ನಷ್ಟು ಎಡಕ್ಕ ಒತ್ತಿದ್ಲು. ದೇವೇಂದ್ರಪ್ಪ ಹಿಂದಿನಿಂದ ಕೈ ಹಾಕಿ ಹಿಡಿಕಿ ಬಲಕ್ಕ ಎಳದ. "ಬಿಡು" ಅಂದ. ಬಿಡಲಿಲ್ಲ. ಆ ಸಣ್ಣ ಕೈಯಾಗ ಎಲ್ಲಿಂದ ಬಂತೋ ಅಷ್ಟು ಬಲ. ಪರದೆ ಮ್ಯಾಲೆ ಮೋಡ ಹರದು ಹೊಲ ಬಂತು, ಹತ್ತರ ಬಂತು, ನಿಂತುಬಿಡ್ತು.

ತಗಡಿನ ಸಪ್ಪಳಕ್ಕ ಓಡಿ ಬಂದಿದ್ದ ವೀರಬಸಮ್ಮ ಇಬ್ಬರ ಮಕಾ ನೋಡಿ ಬಾಗಲದಾಗೇ ನಿಂತ್ಲು.

"ಇನ್ನೊಮ್ಮೆ" ಅಂದ್ಲು ಉಮಾಶ್ರೀ. ಇನ್ನೊಮ್ಮೆ ಆತು. ಹೊಲ ಬಂತು. ಮೂರನೇ ಸಲ ಆಕಿ ಇನ್ನೊಮ್ಮೆ ಅನ್ನಲಿಲ್ಲ. ಅಂಗೈ ಎತ್ತಿ ಮಕದ ಮುಂದ ಅಡ್ಡ ಹಿಡದ್ಲು. ಬಲತುದಿ ಕೆಳಗ ಮಾಡಿದ್ಲು. ಅದನ್ನೇ ನೋಡಿಕೊಂತ ಬಾಳ ಹೊತ್ತು ಕುಂತ್ಲು.

"ವಾಲಿದ್ದು ಗೆರಿ" ಅಂದ್ಲು.

"ಹೌದು."

"ನಾ ಹಿಡಿಕಿ ಬಿಟ್ಟಿದ್ರ?"

"ನೆಲ ಎಷ್ಟು ಹತ್ತರ ಇತ್ತೋ ಯಾರಿಗೊತ್ತವ್ವ." ಅಷ್ಟಕ್ಕ ನಿಲ್ಲಸಬೇಕಂದ, ಆಗಲಿಲ್ಲ. "ಬಿಟ್ಟಿದ್ರ ಅವ ಎತ್ತತಿದ್ದ ಅನಸತೈತಿ."

ಉಮಾಶ್ರೀ ಅಳಲಿಲ್ಲ. ಅತ್ತಿದ್ರ ಚಲೋ ಇತ್ತು. ಜೀಪಿನ ಸೀಟಿನಿಂದ ಎದ್ದು ಗೋಡಿಗೆ ನಿಂತ್ಲು. "ಇದು ನಿನ್ನ ತಪ್ಪಲ್ಲ. ನಾ ಹಂಗ ಕಲಸಿದ್ದು" ಅಂದ ದೇವೇಂದ್ರಪ್ಪ. ಆಕಿಗೆ ಆ ಮಾತು ಬೇಕಾಗಿದ್ದಿಲ್ಲ. ಆಕಿ ಬ್ಯಾರೆ ಏನೋ ಯೋಚನಿ ಮಾಡಾಕತ್ತಿದ್ಲು.

"ನಿನಗ ಯಾವಾಗ ತಿಳೀತು?"

ಈಗ ಅನ್ನಬಹುದಿತ್ತು. ಈಗೇ, ನಿನ್ನ ಕೂಡ ಅಂತ. ಯಾರು ಕೇಳತಿದ್ರು? ಆದ್ರ ಅಷ್ಟು ದಿನ ಬಾಯಿ ಮುಚ್ಚಿದಾಂವಗ ಸುಳ್ಳು ಮಾತ್ರ ಬರಲಿಲ್ಲ. "ನೀ ಪಡಸಾಲಿಯಾಗ ಕೈ ಹಿಡದು ತೋರಿಸಿದೆಲ್ಲ, ಅವತ್ತು."

"ಗದ್ವಾಲಕ್ಕ ಹೋಗೂಕಿಂತ ಮದಲ."

"ಹ್ಞೂಂ."

"ಅಕ್ಕ ನನ್ನ ಕೇಳಿದಾಗ ನಿನಗ ಗೊತ್ತಿತ್ತು. ನಾ ಹೌದು ಅಂದಾಗ ಗೊತ್ತಿತ್ತು. ಸರ್ ಅವರವ್ವ ನೆಲಕ್ಕ ಕುಂತು ನನಗ ಕೈ ಮು..." ಬಾಗಲದಾಗ ವೀರಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡ್ಲು.

"ನಿನ್ನ ಸಲುವಾಗಿ" ಅಂದ ದೇವೇಂದ್ರಪ್ಪ.

"ಕೆಡವಿದ್ದು ಗೊತ್ತಿಲ್ಲದ ಆಗಿದ್ದು, ಅದನ್ನ ಹೆಂಗೋ ಹೊರತೀನಿ. ಇದನ್ನ ಗೊತ್ತಿದ್ದು ಮಾಡಿಸಿದೆಲ್ಲಪ್ಪ ನೀ, ನನ್ನ ಬಾಯಿಲೆ."

ಅಷ್ಟು ಹೇಳಿ ಆಕಿ ಒಳಗ ಹೋದ್ಲು. ತನಿಖಿ ಸಾಹೇಬರಿಗೆ ಫೋನ್ ಹಚ್ಚಿದ್ದು ಕೇಳಸ್ತು. ನಾ ಮದಲ ಹೇಳಿದ್ದು ತಪ್ಪೈತ್ರಿ, ಕೆಡವಿದಾಕಿ ನಾನು, ಬರದುಕೊಳ್ರಿ ಅಂದ್ಲು. ಆಮ್ಯಾಲೆ ಓಢಣಿ ಹೊದ್ದುಕೊಂಡು, ಕಂಕಳಕೋಲು ತಗೊಂಡು ಹೊರಬಿದ್ಲು. ಗದ್ವಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ವೀರಬಸಮ್ಮ, ಉಂಡರೆ ಹೋಗವ್ವ ಅಂದ್ಲು, ಮಗಳು ತಲಿ ಆಡಿಸಿದ್ಲು. ದೇವೇಂದ್ರಪ್ಪ ಗಡಬಡಿಸಿ ಅಂಗಿ ಹಾಕ್ಕೊಂಡು, ಚಪ್ಪಲಿ ಮೆಟ್ಟಿ ಹಿಂದೇ ಬಂದ.

ಆಕಿ ಕಟ್ಟಿ ಇಳದು ನಿಂತ್ಲು. ಹೊಳ್ಳಿ ನೋಡಲಿಲ್ಲ.

"ನೀ ಬರಬ್ಯಾಡ" ಅಂದ್ಲು. "ನೀ ಬಂದ್ರ ಆ ಮುದುಕಿ ನಿನಗೂ ಕೈ ಮುಗೀತಾಳ."

ದೇವೇಂದ್ರಪ್ಪ ಕಟ್ಟಿ ಮ್ಯಾಲೇ ನಿಂತ. ಆಕಿ ಕಂಕಳಕೋಲು ಊರಿಕೊಂತ ಓಣಿ ತಿರುವಿನ ತನಕ ಹೋದದ್ದು ನೋಡಿ, ಚಪ್ಪಲಿ ಬಿಟ್ಟು ಒಳಗ ಬಂದ.